ಓದುಗರ ಪ್ರಶ್ನೆ: ದೊಡ್ಡ ಬ್ಯಾಟರಿಗೆ ಒಂಬತ್ತು ಸಾವಿರ ಹೆಚ್ಚು ಕೊಡಬೇಕೆ?

ಪ್ರಶ್ನೆ: ನಮ್ಮದು ಅಡಿಕೆ ತೋಟದ ಮನೆ. ಅಪ್ಪಯ್ಯನಿಗೆ ಅರವತ್ತೆಂಟು ವರ್ಷ. ಸಣ್ಣ ಅಕ್ಷರ ಕಾಣುವುದಿಲ್ಲ, ಹಾಗಾಗಿ ದೊಡ್ಡ ಪರದೆಯ ಫೋನೇ ಬೇಕು ಎನ್ನುತ್ತಾರೆ. ವಾಟ್ಸಾಪ್‌ನಲ್ಲಿ ಅಡಿಕೆ ಧಾರಣೆ ನೋಡುವುದು, ಸಂಜೆ ಯೂಟ್ಯೂಬ್‌ನಲ್ಲಿ ತಾಳಮದ್ದಲೆ, ಬೆಂಗಳೂರಿನಲ್ಲಿರುವ ಮೊಮ್ಮಕ್ಕಳ ಜೊತೆ ವಿಡಿಯೊ ಕಾಲ್, ಇಷ್ಟೇ ಬಳಕೆ. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ದಿನ ಬರದೇ ಇರುವುದೂ ಉಂಟು. ಶಿವಮೊಗ್ಗದ ನೆಹರು ರಸ್ತೆಯ ಅಂಗಡಿಯೊಂದರಲ್ಲಿ ಎರಡು ಫೋನ್ ತೋರಿಸಿದರು. ಒಂದು 14,000 ರೂಪಾಯಿ, 5000 ಎಂಎಎಚ್ ಬ್ಯಾಟರಿ. ಇನ್ನೊಂದು 23,000, 7000 ಎಂಎಎಚ್. ಪರದೆ ಎರಡರದ್ದೂ ಹೆಚ್ಚುಕಡಿಮೆ ಒಂದೇ. ಬ್ಯಾಟರಿಗೋಸ್ಕರ ಒಂಬತ್ತು ಸಾವಿರ ಹೆಚ್ಚು ಕೊಡಬಹುದೇ?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ದುಡ್ಡು ತೆಗೆದಿಡಿ, ಆದರೆ ಅಂಗಡಿಗೆ ಹೋಗುವ ಮೊದಲು ಮನೆಯ ಸಿಗ್ನಲ್ ಅಳೆಯಿರಿ. ‘ಬ್ಯಾಟರಿ ನಿಲ್ಲುತ್ತಿಲ್ಲ, ಬದಲಾಯಿಸಿ ಕೊಡಿ’ ಎಂದು ಸಾಗರದಲ್ಲಿ ನನ್ನ ರಿಪೇರಿ ಮೇಜಿಗೆ ಬರುವ ಫೋನುಗಳಲ್ಲಿ ಬ್ಯಾಟರಿ ಗಟ್ಟಿಯಾಗಿಯೇ ಇರುವವು ಬಹಳ. ಪೇಟೆಯಲ್ಲಿದ್ದಾಗ ರಾತ್ರಿವರೆಗೂ ಬರುವ ಫೋನು ಊರಿಗೆ ಹೋದ ಕೂಡಲೇ ಮಧ್ಯಾಹ್ನದ ಊಟದ ಹೊತ್ತಿಗೆ ಕೆಂಪಾಗುತ್ತದೆ. ಅದಕ್ಕೆ ಕಾರಣ ಟವರಿನ ದೂರ.

ಫೋನು ಟವರಿನಿಂದ ಕೇಳಿಸಿಕೊಂಡರೆ ಸಾಲದು, ಅದಕ್ಕೆ ಉತ್ತರವನ್ನೂ ಕಳಿಸಬೇಕು. ಟವರು ಹತ್ತಿರವಿದ್ದರೆ ಪಿಸುಮಾತಿನಲ್ಲೇ ಕೆಲಸ ಆಗುತ್ತದೆ. ದೂರವಾದಷ್ಟೂ ‘ಜೋರಾಗಿ ಕಳಿಸು’ ಎಂದು ಟವರೇ ಫೋನಿಗೆ ಸೂಚನೆ ಕೊಡುತ್ತಾ ಹೋಗುತ್ತದೆ. ಸಾಮಾನ್ಯ 4ಜಿ ಫೋನು ಗರಿಷ್ಠ 200 ಮಿಲಿವ್ಯಾಟ್‌ನಷ್ಟು ಶಕ್ತಿಯಲ್ಲಿ ಕಳಿಸಬಲ್ಲದು. ಅಷ್ಟನ್ನು ಗಾಳಿಗೆ ಬಿಡಲು ಬ್ಯಾಟರಿಯಿಂದ ಅದರ ಹಲವು ಪಟ್ಟು ಎಳೆಯುತ್ತದೆ, ಮಿಕ್ಕದ್ದು ಶಾಖವಾಗಿ ಹೋಗುತ್ತದೆ. ಸುಮ್ಮನೆ ಜೇಬಲ್ಲಿದ್ದ ಫೋನು ಬೆಚ್ಚಗಾಗುವುದು ಬಹಳ ಸಲ ಇದರಿಂದಲೇ. ನಮ್ಮಲ್ಲಿ ಗುಡ್ಡ ಅಡ್ಡ, ಜಂಬಿಟ್ಟಿಗೆ ಗೋಡೆ ಅಡ್ಡ, ಮಳೆ ಹಿಡಿದರೆ ನೀರು ಕುಡಿದ ಮರದ ಎಲೆಗಳೂ ಅಡ್ಡ.

ಅಳೆಯುವುದು ಸುಲಭ. ಈಗಿರುವ ಫೋನಿನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಒಳಗೆ ಹೋದರೆ ಸಿಗ್ನಲ್ ಸ್ಟ್ರೆಂತ್ ಎಂಬ ಸಾಲಿನಲ್ಲಿ ಮೈನಸ್ ಚಿಹ್ನೆಯ ಒಂದು ಅಂಕಿ ಇರುತ್ತದೆ, ಪಕ್ಕದಲ್ಲಿ ಡಿಬಿಎಂ ಎಂದಿರುತ್ತದೆ. ಜಗಲಿಯಲ್ಲಿ ನಿಂತು ನೋಡಿ, ನಡುಮನೆಯಲ್ಲಿ ನೋಡಿ, ಅಪ್ಪಯ್ಯ ಮಲಗುವ ಕೋಣೆಯಲ್ಲಿ, ತೋಟದ ತಗ್ಗಿನಲ್ಲಿ ನೋಡಿ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚಿಂತೆ ಬೇಡ. ಮೈನಸ್ 110 ಬಂದರೆ ಫೋನು ಒದ್ದಾಡುತ್ತಿದೆ ಎಂದರ್ಥ. ಮೈನಸ್ 120 ಎಂದರೆ ಇದ್ದೂ ಇಲ್ಲದ ಹಾಗೆ. ಪ್ರತಿ ಮೂರು ಅಂಕಿಗೆ ಶಕ್ತಿ ಅರ್ಧಕ್ಕಿಳಿಯುವ ಲೆಕ್ಕ ಇದು, ಹಾಗಾಗಿ ಜಗಲಿಯ 98ಕ್ಕೂ ಒಳಕೋಣೆಯ 110ಕ್ಕೂ ಇರುವುದು ಹದಿನಾರು ಪಟ್ಟು ವ್ಯತ್ಯಾಸ. ಪಕ್ಕದ ಮನೆಯವರ ಬೇರೆ ಕಂಪನಿಯ ಸಿಮ್ ಹಾಕಿಯೂ ಒಮ್ಮೆ ನೋಡಿ. ಫೋನಿಗೆ ಎಷ್ಟೇ ಸುರಿದರೂ ಆಗದ ಕೆಲಸ ಸಿಮ್ ಬದಲಾಯಿಸಿದರೆ ಆಗಿಬಿಡಬಹುದು.

ಹೊಸ ಫೋನು ಆರಿಸುವಾಗ ಅದು ಬ್ಯಾಂಡ್ 28ನ್ನು ಹಿಡಿಯುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿ. ಇದು 700 ಮೆಗಾಹರ್ಟ್ಸ್‌ನ ತರಂಗ, ಹೆಚ್ಚು ದೂರ ಹೋಗುತ್ತದೆ, ಕಾಡನ್ನೂ ಗೋಡೆಯನ್ನೂ ಉಳಿದವಕ್ಕಿಂತ ಚೆನ್ನಾಗಿ ದಾಟುತ್ತದೆ. ಬಿಎಸ್‌ಎನ್‌ಎಲ್ ತನ್ನ 4ಜಿಗೆ ಇದನ್ನೂ ಬಳಸುತ್ತದೆ. ಬಿಎಸ್‌ಎನ್‌ಎಲ್ ಒಂದೇ ಗತಿ ಎನ್ನುವ ಹಳ್ಳಿಯವರು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮುನ್ನ ಇದನ್ನು ಕೇಳಬೇಕು. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾದರಿಯ ವಿವರದ ಪುಟದಲ್ಲಿ ಬ್ಯಾಂಡುಗಳ ಪಟ್ಟಿ ಇರುತ್ತದೆ.

ಮನೆಗೆ ಫೈಬರ್ ಬಂದಿದೆಯೇ ಎಂದು ನೀವು ಬರೆದಿಲ್ಲ. ಬಂದಿದ್ದರೆ ಅರ್ಧ ಸಮಸ್ಯೆ ಮುಗಿಯಿತು. ಸಿಮ್ ಕಂಪನಿ ವೈಫೈ ಕಾಲಿಂಗ್ ಕೊಡುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿ, ಮಾಮೂಲಿ ಫೋನ್ ಕರೆಗಳೂ ವೈಫೈ ಮೂಲಕವೇ ಹೋಗುತ್ತವೆ. ಮನೆಯೊಳಗೆ ಮೊಬೈಲ್ ಸಿಗ್ನಲ್ ಪೂರಾ ಹೋಗಿದ್ದರೆ ಏರೋಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಬಿಡಿ. ಕರೆ ಬರುತ್ತದೆ, ವಾಟ್ಸಾಪ್ ಬರುತ್ತದೆ, ಟವರ್ ಹುಡುಕಾಟ ನಿಲ್ಲುತ್ತದೆ. ರೂಟರಿಗೆ ಪುಟ್ಟದೊಂದು 12 ವೋಲ್ಟಿನ ಯುಪಿಎಸ್ ಹಾಕಿಸಿದರೆ ಕರೆಂಟು ಹೋದ ಮೇಲೂ ಕೆಲವು ಗಂಟೆ ನಡೆಯುತ್ತದೆ.

ಆದರೆ ಎರಡು ದಿನದ ಕತ್ತಲು ಬೇರೆಯೇ ವಿಷಯ. ಅಷ್ಟು ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿದಿರುತ್ತದೆ, ಜನರೇಟರಿಗೆ ಡೀಸೆಲ್ ತರುವ ದಾರಿಗೆ ಮರ ಬಿದ್ದಿರುತ್ತದೆ. ಸಿಗ್ನಲ್ ಇಲ್ಲದ ಫೋನು ಸುಮ್ಮನೆ ಕೂರುವುದಿಲ್ಲ, ಒಂದಾದ ಮೇಲೊಂದು ತರಂಗದಲ್ಲಿ ಹುಡುಕುತ್ತಲೇ ಇರುತ್ತದೆ. ಎರಡು ಸಿಮ್ ಇದ್ದರೆ ಎರಡಕ್ಕೂ ಹುಡುಕುತ್ತದೆ. ಚಾರ್ಜು ಅತ್ಯಂತ ಬೇಕಾದ ದಿನವೇ ಅದು ಅತ್ಯಂತ ಬೇಗ ಖಾಲಿಯಾಗುವುದು ಹೀಗೆ. ಟವರು ಸತ್ತಿದೆ ಎಂದು ಖಚಿತವಾದ ಕೂಡಲೇ ಏರೋಪ್ಲೇನ್ ಮೋಡ್ ಹಾಕುವುದನ್ನು ಅಪ್ಪಯ್ಯನಿಗೆ ಇವತ್ತೇ ಕಲಿಸಿ. ಎರಡು ಗಂಟೆಗೊಮ್ಮೆ ತೆಗೆದು ಸಿಗ್ನಲ್ ಬಂತೇ ನೋಡಿದರಾಯಿತು. 5000ದ ಫೋನು ಕೂಡ ಹೀಗೆ ಎರಡು ದಿನ ದಾಟುತ್ತದೆ. ಅಭ್ಯಾಸವಿಲ್ಲದವರ 7000ದ ಫೋನಿಗೆ ಅದು ಕಷ್ಟ.

ಇನ್ನು ದುಡ್ಡಿನ ಲೆಕ್ಕ. ನಿಮಗೆ ತೋರಿಸಿದ ಎರಡನೆಯ ಫೋನಿನಲ್ಲಿ ಬ್ಯಾಟರಿ 40 ಪ್ರತಿಶತ ಹೆಚ್ಚು, ಬೆಲೆ 64 ಪ್ರತಿಶತ ಹೆಚ್ಚು. ಆ ಒಂಬತ್ತು ಸಾವಿರವೆಲ್ಲ ಬ್ಯಾಟರಿಯದ್ದಲ್ಲ. ಬ್ಯಾಟರಿಯ ಋಣಧ್ರುವದಲ್ಲಿ ಬರೀ ಗ್ರಾಫೈಟ್ ಬಳಸುವ ಬದಲು ಸಿಲಿಕಾನ್ ಸೇರಿಸುವ ವಿಧಾನ ಬಂದ ಮೇಲೆ ಅಷ್ಟೇ ಜಾಗದಲ್ಲಿ ಹೆಚ್ಚು ಚಾರ್ಜು ಹಿಡಿಸಲು ಸಾಧ್ಯವಾಗಿದೆ, ದೊಡ್ಡ ಬ್ಯಾಟರಿ ಅಗ್ಗದ ಫೋನುಗಳಿಗೂ ಇಳಿದಿದೆ. 2025ರಲ್ಲಿ ವಿವೊ ಟಿ4ಎಕ್ಸ್ 6500 ಎಂಎಎಚ್ ಬ್ಯಾಟರಿಯೊಂದಿಗೆ 13,999 ರೂಪಾಯಿಗೆ ಬಿಡುಗಡೆಯಾಯಿತು, ಒಪ್ಪೊ ಕೆ13 7000ದೊಂದಿಗೆ 17,999ಕ್ಕೆ. ಈಗ ಅಂಗಡಿಯಲ್ಲಿರುವ ಮಾದರಿ, ಬೆಲೆ ಬೇರೆ ಇರಬಹುದು, ಆದರೆ ನಿಮಗೆ ತೋರಿಸಿದ ಎರಡರ ನಡುವೆ ಏನೂ ಇಲ್ಲ ಎಂದು ಮಾತ್ರ ತಿಳಿಯಬೇಡಿ. 23,000ದಲ್ಲಿ ನೀವು ಕೊಳ್ಳುತ್ತಿರುವುದು ಮುಖ್ಯವಾಗಿ ವೇಗದ ಚಿಪ್ಪು, ಕ್ಯಾಮೆರಾ, ಹೊಳೆಯುವ ಪರದೆ. ಧಾರಣೆ ನೋಡಿ ತಾಳಮದ್ದಲೆ ಕೇಳುವವರಿಗೆ ಅದರ ಬಹುಪಾಲು ಬೇಡ.

ದೊಡ್ಡ ಬ್ಯಾಟರಿಯ ಪರವಾಗಿ ನಾನು ಹೇಳುವ ಮಾತೊಂದಿದೆ, ಅದನ್ನು ಅಂಗಡಿಯವರು ಹೇಳುವುದಿಲ್ಲ. ಯಾವ ಲಿಥಿಯಂ ಬ್ಯಾಟರಿಯೂ ಬಳಸಿದಂತೆ ಕುಗ್ಗುತ್ತದೆ. 5000ದ್ದು 80 ಪ್ರತಿಶತಕ್ಕೆ ಇಳಿದಾಗ ಉಳಿಯುವುದು 4000. 7000ದ್ದು ಅಷ್ಟೇ ಕುಗ್ಗಿದರೂ 5600 ಇರುತ್ತದೆ, ಅಂದರೆ ಹೊಸದಾದ ಸಣ್ಣ ಬ್ಯಾಟರಿಗಿಂತ ಹೆಚ್ಚು. ಯುರೋಪಿನಲ್ಲಿ 2025ರ ಜೂನ್‌ನಿಂದ ಮಾರುಕಟ್ಟೆಗೆ ಬರುವ ಫೋನುಗಳ ಬ್ಯಾಟರಿ 800 ಸಲ ಪೂರ್ಣ ಚಾರ್ಜಾದ ಮೇಲೂ 80 ಪ್ರತಿಶತ ಉಳಿಸಿಕೊಂಡಿರಬೇಕು ಎಂಬ ನಿಯಮವಿದೆ. ಆ ಅಳತೆ ಇಟ್ಟುಕೊಂಡರೆ, ದಿನಕ್ಕೊಂದು ಸಲ ಚಾರ್ಜು ಮಾಡುವವರಿಗೆ ಎರಡು ವರ್ಷದ ಚಿಲ್ಲರೆ, ಒಂದೂವರೆ ದಿನಕ್ಕೊಮ್ಮೆ ಮಾಡುವವರಿಗೆ ಮೂರು ವರ್ಷದ ಮೇಲೆ. ಬೆಲೆಯನ್ನೂ ವರ್ಷದ ಮೇಲೆ ಹಂಚಿ ನೋಡಿ: 14,000ದ್ದು ಮೂರು ವರ್ಷ ಬಂದರೆ ವರ್ಷಕ್ಕೆ 4,667. 23,000ದ್ದು ಐದು ವರ್ಷ ಬಂದರೆ 4,600. ಸಮಸಮ. ಆದರೆ ಅಡಿಕೆ ಹೆಕ್ಕಲು ಬಗ್ಗಿದಾಗ ಅಂಗಿ ಜೇಬಿನಿಂದ ಬಸಿಗಾಲುವೆಗೆ ಜಾರಿಬಿದ್ದ ಫೋನುಗಳನ್ನು ಬಿಚ್ಚಿ ಬಿಚ್ಚಿ ನೋಡಿದ ನನಗೆ ತೋಟದಲ್ಲಿ ಐದು ವರ್ಷದ ಭರವಸೆ ಇಲ್ಲ.

ಆದ್ದರಿಂದ ನನ್ನ ಸಲಹೆ: ಹದಿನಾಲ್ಕರಿಂದ ಹದಿನೆಂಟು ಸಾವಿರದೊಳಗೆ, 6000ಕ್ಕೆ ಕಡಿಮೆಯಿಲ್ಲದ ಬ್ಯಾಟರಿ, ಬ್ಯಾಂಡ್ 28, ದೂಳನ್ನೂ ನೀರಿನ ಎರಚಲನ್ನೂ ತಡೆಯುವ ಐಪಿ64 ಅಥವಾ ಅದಕ್ಕಿಂತ ಮೇಲಿನ ದರ್ಜೆ ಇರುವುದನ್ನು ಹುಡುಕಿ. ಅಪ್ಪಯ್ಯನನ್ನೂ ಅಂಗಡಿಗೆ ಕರೆದುಕೊಂಡು ಹೋಗಿ, ಫೋನು ಅವರ ಕೈಗೇ ಕೊಡಿ. ಇಂಥ ಫೋನುಗಳು 200 ಗ್ರಾಂ ಆಸುಪಾಸು ತೂಗುತ್ತವೆ, ಮಲಗಿ ವಿಡಿಯೊ ನೋಡುವವರಿಗೆ ಕೈ ಸೋಲುತ್ತದೆ. ಉಳಿದ ದುಡ್ಡಿನಲ್ಲಿ 10,000 ಎಂಎಎಚ್‌ನ ಪವರ್ ಬ್ಯಾಂಕ್ ಒಂದನ್ನು ಕೊಳ್ಳಿ. ಅದರಲ್ಲಿ ಬರೆದಷ್ಟೂ ಫೋನಿಗೆ ಬರುವುದಿಲ್ಲ, ವೋಲ್ಟೇಜ್ ಏರಿಸುವಾಗ ಒಂದಷ್ಟು ಹೋಗುತ್ತದೆ. 6000ದ ಫೋನು ಒಂದು ಸಲ ತುಂಬಿ ತುಸು ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತೂ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇಲ್ಲದ ಪವರ್ ಬ್ಯಾಂಕನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮನೆಗೆ ತರಬೇಡಿ. ಮನೆಗೆ ಫೈಬರ್ ಬರುವ ಲಕ್ಷಣವೇ ಇಲ್ಲ, ಸಿಗ್ನಲ್ ಎಲ್ಲ ಮೂಲೆಯಲ್ಲೂ ಮೈನಸ್ 110ರ ಆಚೆಗೇ ಇದೆ ಎಂದಾದರೆ 7000ಕ್ಕೇ ಹೋಗಿ, ಆದರೆ 18,000ದ ಒಳಗಿನದನ್ನು.

ಪ್ರಶ್ನೆ: 120 ಹರ್ಟ್ಸ್ ಪರದೆಯಿಂದ ಬ್ಯಾಟರಿ ಬೇಗ ಹೋಗುತ್ತದೆಯೇ? ಕಪ್ಪು ಹಿನ್ನೆಲೆ ಇಟ್ಟರೆ ಉಳಿಯುತ್ತದೆಯೇ?
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಹೌದು, ಹೋಗುತ್ತದೆ. 120 ಹರ್ಟ್ಸ್ ಎಂದರೆ ಪರದೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುತ್ತದೆ ಎಂದರ್ಥ. ಸೆಟ್ಟಿಂಗ್ಸ್‌ನಲ್ಲಿ 60ಕ್ಕೆ ಇಳಿಸಬಹುದು, ಓದುವುದಕ್ಕೆ ಅಷ್ಟು ಸಾಕು. ಕಪ್ಪು ಹಿನ್ನೆಲೆಯಿಂದ ಲಾಭ ಅಮೊಲೆಡ್ ಪರದೆಯಲ್ಲಿ ಮಾತ್ರ, ಅಲ್ಲಿ ಕಪ್ಪು ಇರುವ ಕಡೆ ಬೆಳಕೇ ಉರಿಯುವುದಿಲ್ಲ. ಎಲ್‌ಸಿಡಿಯಲ್ಲಿ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ. ಎರಡಕ್ಕಿಂತಲೂ ಹೆಚ್ಚು ಉಳಿತಾಯ ಬೆಳಕು ತಗ್ಗಿಸುವುದರಲ್ಲಿದೆ.

ಪ್ರಶ್ನೆ: ಮಳೆಯಲ್ಲಿ ಫೋನು ನೆನೆದಿತ್ತು. ಬಚ್ಚಲ ಒಲೆಯ ಪಕ್ಕ ಇಟ್ಟು ಒಣಗಿಸಿದೆವು. ಈಗ ಹಿಂದಿನ ಮುಚ್ಚಳ ಸ್ವಲ್ಪ ಎದ್ದ ಹಾಗಿದೆ, ಆದರೆ ಫೋನು ಚೆನ್ನಾಗಿ ನಡೆಯುತ್ತಿದೆ. ಹಾಗೇ ಬಳಸಬಹುದೇ?
– ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಬಳಸಬೇಡಿ ಸಾರ್. ಮುಚ್ಚಳ ಏಳುತ್ತಿದ್ದರೆ ಬ್ಯಾಟರಿ ಊದಿಕೊಂಡಿರುವ ಸಾಧ್ಯತೆಯೇ ಹೆಚ್ಚು, ಒಳಗೆ ಅನಿಲ ಕಟ್ಟಿಕೊಂಡಿರುತ್ತದೆ. ಲಿಥಿಯಂ ಬ್ಯಾಟರಿಗೆ ನೀರಿಗಿಂತ ದೊಡ್ಡ ಶತ್ರು ಶಾಖ. ಮಳೆಗಾಲದಲ್ಲಿ ನಮ್ಮ ಕಡೆ ಒದ್ದೆಯಾದದ್ದೆಲ್ಲ ಒಲೆಯ ಹತ್ತಿರ ಹೋಗುತ್ತದೆ, ಬಟ್ಟೆಗೆ ಅದು ಸರಿ, ಫೋನಿಗೆ ಬೇಡ. ಈಗಲೇ ಸ್ವಿಚ್ ಆಫ್ ಮಾಡಿ, ಚಾರ್ಜಿಗೆ ಹಾಕಬೇಡಿ, ಮುಚ್ಚಳವನ್ನು ಒತ್ತಿ ಕೂರಿಸಲು ಹೋಗಬೇಡಿ, ಚೂಪಾದ ಯಾವುದನ್ನೂ ತಾಗಿಸಬೇಡಿ. ಹಾಸಿಗೆ, ಪುಸ್ತಕಗಳಿಂದ ದೂರ, ಕಲ್ಲು ಅಥವಾ ಸಿಮೆಂಟು ನೆಲದ ಮೇಲಿಡಿ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಅಸಲಿ ಬ್ಯಾಟರಿ ಹಾಕಿಸಿ, ಹಳೆಯದನ್ನು ಅಲ್ಲೇ ಕೊಟ್ಟುಬನ್ನಿ, ಕಸದ ಬುಟ್ಟಿಗೆ ಹಾಕಬೇಡಿ. ಮುಂದೆ ನೆನೆದಾಗ ಫೋನು ಆಫ್ ಮಾಡಿ, ಒರೆಸಿ, ಚಾರ್ಜಿಂಗ್ ತೂತು ಕೆಳಮುಖ ಮಾಡಿ ಮೆಲ್ಲನೆ ತಟ್ಟಿ, ಫ್ಯಾನಿನ ಗಾಳಿಯಲ್ಲಿ ಒಂದು ದಿನ ಇಡಿ. ಅಕ್ಕಿ ಡಬ್ಬಿಯೊಳಗೆ ಹುದುಗಿಸಬೇಡಿ, ಹುಡಿ ಹೋಗಿ ತೂತಿನಲ್ಲಿ ಕೂರುತ್ತದೆ. ಕಾಂಟ್ಯಾಕ್ಟ್ಸ್, ಫೋಟೊ ಬೇರೆ ಕಡೆ ತೆಗೆದಿಟ್ಟಿಲ್ಲವೆಂದರೆ ಅದಕ್ಕೋಸ್ಕರ ಮತ್ತೆ ಆನ್ ಮಾಡಲು ಹೋಗಬೇಡಿ, ಹೊಸ ಬ್ಯಾಟರಿ ಕೂತ ಮೇಲೆ ಅವು ಸಾಮಾನ್ಯವಾಗಿ ಹಾಗೇ ಸಿಗುತ್ತವೆ.