ಅಕ್ಕನ ಮಂಡಿ, ಡಾಕ್ಟರ ಕೇಸು

(ಸಾಗರ ತಾಲ್ಲೂಕಿನ ಓದುಗರೊಬ್ಬರು, ನಿವೃತ್ತ ಶಾಲಾ ಮೇಷ್ಟ್ರು, ಬರೆದ ಪತ್ರದ ಸಾರ: ‘ನನ್ನ ಅಕ್ಕನಿಗೆ ಮಂಡಿ ನೋವು. ಅಡಿಕೆ ಸುಲಿತ ಮುಗಿಯುವ ಹೊತ್ತಿಗೆ ಮೆಟ್ಟಿಲು ಹತ್ತಲಾರದೆ ಕೂತವರು ನಾಟಿ ವೈದ್ಯರೊಬ್ಬರ ಎಣ್ಣೆ, ಕಷಾಯ, ಪಥ್ಯದಿಂದ 40 ದಿನದಲ್ಲಿ ಎದ್ದು ಓಡಾಡಿದರು. ಅದನ್ನು ಲೇಖನ ಮಾಡಿ ಕಳಿಸಿದರೆ “ಒಬ್ಬರ ಅನುಭವ ಪುರಾವೆಯಾಗದು” ಎಂದು ವಾಪಸು ಮಾಡಿದಿರಿ. ಕಳೆದ ಸಂಚಿಕೆಯಲ್ಲಿ ಡಾಕ್ಟರೊಬ್ಬರು ಬರೆದ ಒಬ್ಬಳೇ ರೋಗಿಯ ಜ್ವರದ ಕಥೆಗೆ ಎರಡು ಪುಟ ಕೊಟ್ಟಿದ್ದೀರಿ. ಅವರು ಬರೆದರೆ ಕೇಸ್ ಸ್ಟಡಿ, ನಾನು ಬರೆದರೆ ಅಂತೆಕಂತೆಯೇ? ನಾಟಿ ಮದ್ದೆಂದರೆ ನಿಮಗೆ ತಾತ್ಸಾರ ಎಂದು ನೇರವಾಗಿ ಹೇಳಿಬಿಡಿ.’)

ಪ್ರಿಯ ಮೇಷ್ಟ್ರೇ,

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ಎರಡು ಸಾಲಿನ ಉತ್ತರವೊಂದನ್ನು ಬರೆದು ಹರಿದುಹಾಕಿದೆ, ಏಕೆಂದರೆ ತಪ್ಪಿನಲ್ಲಿ ಅರ್ಧಪಾಲು ನನ್ನದು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಆ ಲೇಖನಕ್ಕೆ ಡಾಕ್ಟರು ಕೊಟ್ಟಿದ್ದ ಹೆಸರು ‘ಕಂಕುಳಿನ ಕಲೆ’. ಸಪ್ಪೆಯಾಯಿತು ಅನ್ನಿಸಿ ‘ಎರಡೇ ದಿನದಲ್ಲಿ ಇಳಿದ ಜ್ವರ’ ಎಂದು ಬದಲಿಸಿದವನು ನಾನು. ಆ ತಲೆಬರಹ ಓದಿದ ಯಾರಿಗಾದರೂ ಇದು ಮದ್ದಿನ ಗುಣಗಾನ ಅನ್ನಿಸಬೇಕು. ಒಳಗಿದ್ದ ವಿಷಯ ಬೇರೆ. ವಾರ ಕಳೆದರೂ ಬಿಡದ ಜ್ವರ; ಮಲೇರಿಯಾ ಅಲ್ಲ, ಡೆಂಗಿ ಅಲ್ಲ, ಟೈಫಾಯ್ಡ್ ಅಲ್ಲ. ಕೊನೆಗೆ ರೋಗಿಯ ತೋಳೆತ್ತಿಸಿ ನೋಡಿದರೆ ಕಂಕುಳಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ. ಹುಲ್ಲು, ಪೊದೆಗಳಲ್ಲಿರುವ, ಕಣ್ಣಿಗೆ ಬೀಳದಷ್ಟು ಸಣ್ಣ ನುಸಿಯ ಮರಿ ಕಚ್ಚಿದ ಗುರುತು ಅದು. ರೋಗ ಸ್ಕ್ರಬ್ ಟೈಫಸ್. ಡಾಕ್ಸಿಸೈಕ್ಲಿನ್ ಕೊಟ್ಟರು, ಜ್ವರ ಇಳಿಯಿತು. ಆ ಮಾತ್ರೆ ಕೆಲಸ ಮಾಡುತ್ತದೆ ಎಂದು ಸಾಧಿಸಲು ಅವರು ಬರೆಯಲಿಲ್ಲ. ಅದು ದಶಕಗಳ ಹಿಂದೆಯೇ ಇತ್ಯರ್ಥವಾದ ಸಂಗತಿ. ಇನ್ನೊಬ್ಬ ಡಾಕ್ಟರು ಮುಂದಿನ ಸಲ ಕಂಕುಳು, ತೊಡೆಸಂದು ನೋಡದೆ ಇಂಥ ರೋಗಿಯನ್ನು ಮನೆಗೆ ಕಳಿಸದಿರಲಿ ಎಂದು ಬರೆದರು.

ಕೇಸ್ ಸ್ಟಡಿಯ ಕೆಲಸ ಇಷ್ಟೇ: ‘ಇಲ್ಲೇನೋ ಇದೆ, ಬಂದು ನೋಡಿ’ ಎಂದು ಕೂಗುವುದು. ‘ಈ ಮದ್ದಿನಿಂದ ವಾಸಿಯಾಗುತ್ತದೆ’ ಎಂಬ ಮಾತು ಅದರ ಬಾಯಲ್ಲಿ ಬಂದರೆ, ಬರೆದವರು ಎಂ.ಡಿ. ಆಗಿರಲಿ ಮೇಷ್ಟ್ರಾಗಿರಲಿ, ಅನುಮಾನ ಪಡಬೇಕು.

ಕೂಗಿದ್ದು ವ್ಯರ್ಥವಾಗಲಿಲ್ಲ ಎನ್ನಲು ನಿಮ್ಮ ನೆರೆಯ ಸೊರಬವೇ ಸಾಕು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಲ್ಲಿ ಬಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಬಂದ ಟೆಲ್‌ಫರ್ಡ್ ವರ್ಕ್ ತಂಡಕ್ಕೆ, ಇಂಡಿಯಾದಲ್ಲಿ ಅದುವರೆಗೆ ಇಲ್ಲದ ಹಳದಿ ಜ್ವರವೇನಾದರೂ ಬಂದಿತೇ ಎಂಬ ಭಯ ಹುಟ್ಟಿತ್ತು. ಸಿಕ್ಕಿದ್ದು ರಕ್ತ ಹೀರುವ ಉಣ್ಣೆ ಹುಳುವಿನಿಂದ (ಉಣುಗು) ಹರಡುವ, ಲೋಕಕ್ಕೇ ಹೊಸದಾದ ವೈರಸ್. ಸತ್ತ ಮಂಗಕ್ಕೂ ಮನೆಯಲ್ಲಿ ಬಿದ್ದ ಜ್ವರಕ್ಕೂ ಸಂಬಂಧವಿದೆ ಎಂಬುದು ಜನ ಇಟ್ಟ ಹೆಸರಲ್ಲೇ ಇದೆ: ಮಂಗನ ಕಾಯಿಲೆ. ಏಡ್ಸ್ ವಿಷಯವೂ ಹಾಗೆಯೇ. 1981ರ ಜೂನ್ 5ರಂದು ಅಮೆರಿಕದ ಸರ್ಕಾರಿ ವಾರಪತ್ರಿಕೆಯೊಂದರಲ್ಲಿ ಬಂದ, ಲಾಸ್ ಏಂಜಲೀಸಿನ ಐದೇ ಐದು ಯುವಕರ ನ್ಯುಮೋನಿಯಾದ ವರದಿಯೇ ಅದರ ಮೊದಲ ಸುಳಿವು.

ಇನ್ನೊಂದು ಉದಾಹರಣೆ ನಿಮಗೆ ಇಷ್ಟವಾದೀತು, ಏಕೆಂದರೆ ಅದೂ ಓದುಗರ ಪತ್ರವೇ. 1961ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಹೆರಿಗೆ ಡಾಕ್ಟರ್ ವಿಲಿಯಂ ಮೆಕ್‌ಬ್ರೈಡ್ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಗೆ ಕೆಲವೇ ಸಾಲು ಬರೆದ: ಗರ್ಭಿಣಿಯರು ಥಾಲಿಡೊಮೈಡ್ ಮಾತ್ರೆ ತೆಗೆದುಕೊಂಡಲ್ಲಿ ಕೈಕಾಲು ಬೆಳೆಯದ ಶಿಶುಗಳು ಹುಟ್ಟುತ್ತಿವೆ, ನಿಮ್ಮ ಓದುಗರಲ್ಲಿ ಬೇರೆ ಯಾರಾದರೂ ಇಂಥದ್ದು ಕಂಡಿದ್ದಾರೆಯೇ? ಅಷ್ಟರಲ್ಲಿ ಜರ್ಮನಿಯ ವಿಡುಕಿಂಡ್ ಲೆಂಟ್ಸ್ ಕೂಡ ಅದನ್ನೇ ಹೇಳಿ, ಅಲ್ಲಿ ಮಾತ್ರೆ ಅಂಗಡಿಯಿಂದ ಇಳಿದಿತ್ತು. ಆದರೆ ಅದೇ ಮೆಕ್‌ಬ್ರೈಡ್ ಮುಂದೆ ಬೇರೊಂದು ಔಷಧವೂ ಹಾಗೆಯೇ ಎಂದು ತೋರಿಸಲು ಪ್ರಯೋಗದ ಅಂಕಿಗಳನ್ನು ತಿದ್ದಿ ಸಿಕ್ಕಿಬಿದ್ದ. 1993ರಲ್ಲಿ ವೈದ್ಯರ ಪಟ್ಟಿಯಿಂದ ಹೆಸರು ಹೋಯಿತು. ಅದೇ ಲ್ಯಾನ್ಸೆಟ್ 1998ರಲ್ಲಿ 12 ಮಕ್ಕಳ ಕೇಸುಗಳನ್ನು ಅಚ್ಚು ಮಾಡಿ, ಲಸಿಕೆಯಿಂದ ಆಟಿಸಂ ಬರುತ್ತದೆಂಬ ಗುಲ್ಲಿಗೆ ದಾರಿಮಾಡಿಕೊಟ್ಟು, 2010ರಲ್ಲಿ ಅದನ್ನು ವಾಪಸು ತೆಗೆದುಕೊಂಡಿತು. ಹಾಗಾಗಿ ಡಾಕ್ಟರ ಕೇಸಿಗೆ ಡಾಕ್ಟರು ಬರೆದರೆಂಬ ಕಾರಣಕ್ಕೇ ಹೆಚ್ಚಿನ ತೂಕವಿಲ್ಲ. ಇದನ್ನು ನೀವು ನನ್ನ ವಿರುದ್ಧವೇ ಬಳಸಬಹುದು.

ಈಗ ಮಂಡಿಗೆ ಬರೋಣ.

ಅಮೆರಿಕದ ಹ್ಯೂಸ್ಟನ್‌ನಲ್ಲಿ ಬ್ರೂಸ್ ಮೋಸ್ಲಿ ಎಂಬ ಮೂಳೆ ಸರ್ಜನ್ ಇದ್ದ, ಬ್ಯಾಸ್ಕೆಟ್‌ಬಾಲ್ ತಂಡವೊಂದಕ್ಕೂ ಡಾಕ್ಟರ್. ಮಂಡಿ ಸವೆದವರಿಗೆ ಸಣ್ಣ ತೂತು ಕೊರೆದು, ದುರ್ಬೀನು ಹಾಕಿ, ಒಳಗಿನದನ್ನು ಕೆರೆದು ತೊಳೆಯುವ ಆಪರೇಷನ್ ಆಗ ಬಲು ಚಾಲ್ತಿಯಲ್ಲಿತ್ತು. ಮಾಡಿಸಿಕೊಂಡವರು ‘ಆರಾಮಾಯಿತು ಡಾಕ್ಟ್ರೇ’ ಎಂದು ಕೈಮುಗಿದು ಹೋಗುತ್ತಿದ್ದರು. ಒಬ್ಬಿಬ್ಬರಲ್ಲ, ಸಾವಿರಾರು ಜನ. ನಿಮ್ಮ ಅಕ್ಕನವರಂಥದೇ ಸಾವಿರಾರು ಕೇಸುಗಳು. ಆದರೂ ಮೋಸ್ಲಿ ಮತ್ತು ಸಂಗಡಿಗರು 180 ಜನರನ್ನು ಒಪ್ಪಿಸಿ, ಚೀಟಿ ಎತ್ತಿದ ಹಾಗೆ ಮೂರು ಪಾಲು ಮಾಡಿದರು. ಒಂದು ಪಾಲಿಗೆ ಕೆರೆದು ತೊಳೆದರು, ಇನ್ನೊಂದಕ್ಕೆ ತೊಳೆದರು ಅಷ್ಟೇ. ಮೂರನೆಯವರಿಗೆ ಚರ್ಮದ ಮೇಲೆ ಕೊಯ್ದು ಹೊಲಿಗೆ ಹಾಕಿದರು. ನಡುವೆ ನಿಜವಾದ ಆಪರೇಷನ್ನಿನ ಹಾಗೆಯೇ ಸಲಕರಣೆ ಕೇಳುವುದು, ನೀರು ಚೆಲ್ಲುವ ಸದ್ದು ಎಲ್ಲವೂ ನಡೆಯಿತು, ಮಂಡಿಯ ಒಳಗೆ ಮಾತ್ರ ಏನೂ ಹೋಗಲಿಲ್ಲ. ಯಾರಿಗೆ ಏನಾಯಿತೆಂದು ರೋಗಿಗೂ ಗೊತ್ತಿಲ್ಲ, ಆಮೇಲೆ ನೋವು ಅಳೆದವರಿಗೂ ಗೊತ್ತಿಲ್ಲ. ಎರಡು ವರ್ಷ ನೋಡಿ 2002ರಲ್ಲಿ ಪ್ರಕಟಿಸಿದರು. ಬರೀ ಹೊಲಿಗೆ ಹಾಕಿಸಿಕೊಂಡವರಿಗಿಂತ ಆಪರೇಷನ್ ಆದವರ ನೋವು ಯಾವ ಹಂತದಲ್ಲೂ ಹೆಚ್ಚಾಗಿ ಇಳಿದಿರಲಿಲ್ಲ.

‘ಆರಾಮಾಯಿತು’ ಎಂದವರು ಸುಳ್ಳು ಹೇಳಲಿಲ್ಲ, ಮೇಷ್ಟ್ರೇ. ಆರಾಮಾದದ್ದು ನಿಜ. ಯಾವುದರಿಂದ ಎಂಬುದಷ್ಟೇ ತಪ್ಪು.

ಮಂಡಿ ನೋವು ಏರುತ್ತದೆ, ಇಳಿಯುತ್ತದೆ. ನಾವು ವೈದ್ಯರ ಬಾಗಿಲಿಗೆ ಹೋಗುವುದು ಅದು ತುತ್ತತುದಿಗೆ ಏರಿದಾಗ. ಅಲ್ಲಿಂದ ಅದು ಹೇಗೂ ಇಳಿಯಬೇಕು. ಇಳಿಯುವಾಗ ಕೈಯಲ್ಲಿ ಯಾವ ಬಾಟಲಿ ಇತ್ತೋ ಅದಕ್ಕೆ ಕೀರ್ತಿ. ನಿಮ್ಮ ಲೇಖನವನ್ನು ಮತ್ತೆ ತೆಗೆದು ಓದಿದೆ. ಅಕ್ಕನವರು ಸುಲಿತದ ದಿನಗಳಲ್ಲಿ ರಾತ್ರಿ ಹತ್ತರವರೆಗೂ ಮೆಟ್ಟುಗತ್ತಿಯ ಮುಂದೆ ಕಾಲು ಮಡಚಿ ಕೂರುತ್ತಿದ್ದರು ಎಂದು ಮೊದಲ ಪುಟದಲ್ಲಿದೆ. ಪಥ್ಯದ 40 ದಿನ ಅವರನ್ನು ತೋಟಕ್ಕೂ ಇಳಿಯಲು ಬಿಡಲಿಲ್ಲ ಎಂದು ಮೂರನೆಯ ಪುಟದಲ್ಲಿದೆ. ಎರಡು ತಿಂಗಳು ಮಡಚಿದ ಮಂಡಿಗೆ 40 ದಿನ ರಜೆ ಸಿಕ್ಕಿತು! ಎಣ್ಣೆಯಿಂದ ಆಯಿತೋ, ರಜೆಯಿಂದ ಆಯಿತೋ, ತಮ್ಮನ ಮನೆಯಲ್ಲಿ ಕೂತು ಉಣ್ಣುವ ಸುಖದಿಂದ ಆಯಿತೋ, ಅಕ್ಕನವರೊಬ್ಬರನ್ನೇ ನೋಡಿ ಹೇಳಲಾಗದು. ಅವರ ಜೊತೆ ಕೂತು ಸುಲಿದ, ಎಣ್ಣೆ ಹಚ್ಚದ ಇನ್ನೊಬ್ಬರ ಮಂಡಿ ಆ 40 ದಿನದಲ್ಲಿ ಏನಾಯಿತು ಎಂದು ಗೊತ್ತಾಗಬೇಕು.

ಮಂಡಿಯಾದರೆ ತಪ್ಪು ತಿಳಿದರೂ ಜೀವ ಹೋಗದು. ಹೃದಯದ ವಿಷಯ ಹಾಗಲ್ಲ. ಹಾರ್ಟ್ ಅಟ್ಯಾಕ್ ಆದವರಲ್ಲಿ ಕೆಲವರ ಎದೆಬಡಿತ ತಾಳ ತಪ್ಪುತ್ತದೆ, ಅಂಥವರು ಹೆಚ್ಚು ಸಾಯುತ್ತಾರೆ. ತಾಳ ಸರಿಮಾಡುವ ಮಾತ್ರೆಗಳು ಬಂದವು: ಎನ್‌ಕೈನೈಡ್, ಫ್ಲೆಕೈನೈಡ್. ಕೊಟ್ಟರೆ ಇಸಿಜಿಯಲ್ಲಿ ತಾಳ ಸರಿಯಾದದ್ದು ಕಾಣುತ್ತಿತ್ತು. ಪ್ರತಿ ಡಾಕ್ಟರೂ ಕಣ್ಣಾರೆ ಕಂಡದ್ದು. 1980ರ ದಶಕದ ಕೊನೆಗೆ ಅಮೆರಿಕದಲ್ಲಿ ಸುಮಾರು 1,500 ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ನಿಜವಾದ ಮಾತ್ರೆ, ಇನ್ನೊಂದಕ್ಕೆ ಒಳಗೆ ಮದ್ದೇ ಇಲ್ಲದ ಸಪ್ಪೆ ಮಾತ್ರೆ ಕೊಟ್ಟು ನೋಡಿದರು. ಸಪ್ಪೆ ಮಾತ್ರೆಯವರಲ್ಲಿ ಸತ್ತವರು 26, ನಿಜವಾದದ್ದು ತಿಂದವರಲ್ಲಿ 63. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಒಬ್ಬೊಬ್ಬರನ್ನೇ ನೋಡುತ್ತಿದ್ದ ಡಾಕ್ಟರಿಗೆ ಇದು ಎಂದೂ ಕಾಣುತ್ತಿರಲಿಲ್ಲ. ಸತ್ತವನು ಹೃದ್ರೋಗಿ, ಹೃದ್ರೋಗದಿಂದ ಸತ್ತ ಎಂದುಕೊಂಡು ಅವರು ಮುಂದಿನ ರೋಗಿಯನ್ನು ಕರೆಯುತ್ತಿದ್ದರು.

ಪ್ಲಾಸ್ಮಾ, ಅಂದರೆ ಕೋವಿಡ್‌ನಿಂದ ಗುಣವಾದವರ ರಕ್ತದಿಂದ ತೆಗೆದು ರೋಗಿಗೆ ಕೊಡುತ್ತಿದ್ದ ದ್ರವ, ನಿಮಗೂ ನೆನಪಿರಬೇಕು. ಕೋವಿಡ್ ಕಾಲದಲ್ಲಿ ದಿನಕ್ಕೆ ಹತ್ತು ವಾಟ್ಸ್ಆ್ಯಪ್ ಸಂದೇಶ: ‘ತುರ್ತು, ಬಿ ಪಾಸಿಟಿವ್ ಪ್ಲಾಸ್ಮಾ ಬೇಕು’. ನಾನೂ ಮುಂದಕ್ಕೆ ಕಳಿಸಿದವನೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 39 ಆಸ್ಪತ್ರೆಗಳ 464 ರೋಗಿಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2020ರ ಅಕ್ಟೋಬರಿನಲ್ಲೇ ಪ್ರಕಟವಾಗಿತ್ತು. ಪ್ಲಾಸ್ಮಾ ಪಡೆದವರಲ್ಲಿ ರೋಗ ಉಲ್ಬಣಿಸಿದವರು ಅಥವಾ ಸತ್ತವರು 44, ಪಡೆಯದವರಲ್ಲಿ 41. ಆದರೂ ಸರ್ಕಾರದ ಮಾರ್ಗಸೂಚಿಯಿಂದ ಪ್ಲಾಸ್ಮಾ ಹೊರಬಿದ್ದದ್ದು 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯಲ್ಲಿ ಜನ ಊರೂರು ಅಲೆದ ಮೇಲೆ. ಆ ಏಳು ತಿಂಗಳು ‘ನಮ್ಮ ಚಿಕ್ಕಪ್ಪ ಅದರಿಂದಲೇ ಉಳಿದರು’ ಎಂಬ ಮಾತು ಅಂಕಿಗಳಿಗಿಂತ ಜೋರಾಗಿತ್ತು.

ಪ್ರಯೋಗ ಎಂದರೆ ಮದ್ದನ್ನು ಹೊಡೆದುಹಾಕುವ ಉಪಾಯ ಎಂದುಕೊಳ್ಳಬೇಡಿ. ನನಗೆ ಬಹಳ ಪ್ರಿಯವಾದ ಪ್ರಯೋಗ ಮದರಾಸಿನದು. ಕ್ಷಯ ಎಂದರೆ ಸ್ಯಾನಿಟೋರಿಯಂ ಎಂದಿದ್ದ ಕಾಲ. ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ಪೂರ್ಣ ವಿಶ್ರಾಂತಿ. ನಮ್ಮ ಹಿರಿಯರಿಗೆ ಮೈಸೂರಿನ ಪಿ.ಕೆ. ಸ್ಯಾನಿಟೋರಿಯಂ ನೆನಪಿರುತ್ತದೆ. ಮಾತ್ರೆಗಳು ಬಂದಮೇಲೂ ಆ ನಂಬಿಕೆ ಹೋಗಿರಲಿಲ್ಲ. ಅಷ್ಟು ಜನಕ್ಕೆ ಮಂಚ ಎಲ್ಲಿಂದ ತರುವುದು? 1956ರಲ್ಲಿ ಮದರಾಸಿನಲ್ಲಿ ಶುರುವಾದ ಕೇಂದ್ರವೊಂದು ನಗರದ 193 ಬಡ ಕ್ಷಯರೋಗಿಗಳನ್ನು ಚೀಟಿ ಎತ್ತಿದ ಹಾಗೆಯೇ ಇಬ್ಭಾಗ ಮಾಡಿತು. ಮಾತ್ರೆ ಇಬ್ಬರಿಗೂ ಒಂದೇ. ಅರ್ಧ ಜನ ಸ್ಯಾನಿಟೋರಿಯಂಗೆ ಹೋದರು. ಉಳಿದವರು ತಮ್ಮ ಇಕ್ಕಟ್ಟಿನ ಮನೆಗಳಲ್ಲೇ ಉಳಿದು, ಸಿಕ್ಕಿದ್ದು ಉಂಡು, ಕೆಲಸಕ್ಕೂ ಹೋಗಿ, ಮಾತ್ರೆ ನುಂಗಿದರು. ವರ್ಷದ ಕೊನೆಗೆ ರೋಗ ಹತೋಟಿಗೆ ಬಂದವರು ಸ್ಯಾನಿಟೋರಿಯಂನಲ್ಲಿ ನೂರಕ್ಕೆ 92, ಮನೆಯಲ್ಲಿ 86. ಮನೆಮಂದಿಗೆ ಹೆಚ್ಚಾಗಿ ತಗಲಿತೇ ಎಂದೂ ನೋಡಿದರು, ಇಲ್ಲ. 1959ರಲ್ಲಿ ಇದು ಅಚ್ಚಾದ ಮೇಲೆ ಲೋಕವೇ ಸ್ಯಾನಿಟೋರಿಯಂ ಕಟ್ಟುವುದನ್ನು ಕೈಬಿಡತೊಡಗಿತು. ಒಬ್ಬೊಬ್ಬ ರೋಗಿಯ ಕಥೆ ಬರೆಸಿದ್ದರೆ, ಹಾಲು ಕುಡಿದು ಮೈ ತುಂಬಿಕೊಂಡು ಬಂದವನದ್ದೇ ಚೆಂದದ ಕಥೆಯಾಗುತ್ತಿತ್ತು.

ಚೀಟಿ ಎತ್ತದೆಯೂ ತಿಳಿಯುವುದುಂಟು, ಒಪ್ಪುತ್ತೇನೆ. 1971ರಲ್ಲಿ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಾಲನಬಿಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡ ನೀರಿಗೆ ಬೆರೆಸಿ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅಷ್ಟು ದೊಡ್ಡ ವ್ಯತ್ಯಾಸ, ಅದೂ ಗಂಟೆಗಳಲ್ಲಿ ಕೊಲ್ಲುವ ರೋಗದಲ್ಲಿ. ಮಂಡಿ ನೋವು ಅಂಥ ರೋಗವಲ್ಲ.

ನಾಟಿ ಮದ್ದಿನ ತಾತ್ಸಾರ ಎಂದಿರಿ. ಸರ್ಪಗಂಧದ ಬೇರು ನಮ್ಮ ಪಂಡಿತರು ತಲೆಮಾರುಗಳಿಂದ ಕೊಟ್ಟು ಬಂದದ್ದು. ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಅದನ್ನು 50 ಮಂದಿ ರಕ್ತದೊತ್ತಡದ ರೋಗಿಗಳಿಗೆ ಕೊಟ್ಟು, ಅಳೆದು, 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. ಜಗತ್ತೆಲ್ಲ ಅದರ ಹಿಂದೆ ಬಿತ್ತು. ಮದ್ದು ಯಾರ ಕೈಯಿಂದ ಬಂತು ಎಂಬುದು ನನಗೆ ಮುಖ್ಯವಲ್ಲ. ಕೊಟ್ಟವರಲ್ಲಿ ಎಷ್ಟು ಜನಕ್ಕೆ ಆಗಲಿಲ್ಲ ಎಂಬ ಲೆಕ್ಕ ಇದೆಯೇ ಎಂಬುದು ಮುಖ್ಯ. ಸೋತ ಕಥೆಯನ್ನು ಯಾರೂ ಬರೆಯುವುದಿಲ್ಲ, ಡಾಕ್ಟರೂ ಬರೆಯುವುದಿಲ್ಲ. ನಮ್ಮ ದೇಶದಲ್ಲಿ 2009ರ ಜೂನ್‌ನಿಂದ ಔಷಧ ಪ್ರಯೋಗಗಳನ್ನು ಶುರುವಿಗೆ ಮುಂಚೆಯೇ ಸರ್ಕಾರಿ ನೋಂದಣಿಯಲ್ಲಿ ಬರೆಸಬೇಕೆಂದು ಕಡ್ಡಾಯ ಮಾಡಿದ್ದು, ಸೋತದ್ದನ್ನು ಸದ್ದಿಲ್ಲದೆ ಹೂತುಬಿಡಬಾರದೆಂದೂ ಹೌದು.

ನಿಮ್ಮ ಲೇಖನವನ್ನು ನಾನು ಈಗಲೂ ‘ಮಂಡಿ ನೋವಿಗೆ ರಾಮಬಾಣ’ ಎಂಬ ನೀವಿಟ್ಟ ಹೆಸರಿನಲ್ಲಿ ಹಾಕಲಾರೆ. ಆದರೆ ಎರಡು ತಿಂಗಳು ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರ ಮಂಡಿ ಏನಾಗುತ್ತದೆ ಎಂಬುದರ ಮೇಲೆ ಅದನ್ನೇ ತಿರುಗಿಸಿ ಬರೆದರೆ, ಎರಡಲ್ಲ, ನಾಲ್ಕು ಪುಟ ಕೊಡುತ್ತೇನೆ. ತಲೆಬರಹ ನಿಮ್ಮದೇ, ನಾನು ಮುಟ್ಟುವುದಿಲ್ಲ. ವೈದ್ಯರ ಬಳಿ ಆ ಹಂಗಾಮಿನಲ್ಲಿ ಎಣ್ಣೆ ಕೊಂಡುಹೋದವರ ಹೆಸರು ಬರೆದಿಟ್ಟಿದ್ದಾರೆಯೇ ಕೇಳಿ, ಮತ್ತೆ ಬಾರದವರ ಮನೆಗೂ ಒಮ್ಮೆ ಹೋಗಿ ಬನ್ನಿ. ಕಷಾಯದ ಜೊತೆ ಅಕ್ಕನವರು ಪೇಟೆಯ ನೋವಿನ ಮಾತ್ರೆ ಏನಾದರೂ ನುಂಗುತ್ತಿದ್ದರೇ ಎಂಬುದನ್ನೂ ಬರೆಯಿರಿ. ಅವರ ಹೆಸರು ಹಾಕುವುದಾದರೆ ಅವರನ್ನು ಕೇಳಿಯೇ ಹಾಕಬೇಕು. ಕಳೆದ ಸಂಚಿಕೆಯ ಡಾಕ್ಟರಿಗೂ ಇದೇ ಷರತ್ತು ಇತ್ತು.

ಈ ವರ್ಷದ ಸುಲಿತ ಇನ್ನೇನು ಶುರುವಾಗುತ್ತದೆ. ಅಕ್ಕನವರು ಮತ್ತೆ ಕೂತರೇ, ಕೂತರೆ ಎಷ್ಟನೆಯ ದಿನಕ್ಕೆ ಮಂಡಿ ಹಿಡಿಯಿತು ಎಂದು ಕಾಗದ ಹಾಕಿ. ಅವರಿಗೆ ನನ್ನ ನಮಸ್ಕಾರ.

– ಸಂ.