ಸಂಪಾದಕರ ಉತ್ತರ: ಗೇಮಿನ ನಾಯಕಿಯ ಉಡುಪಿನ ತಕರಾರು

ಮಾನ್ಯರೇ,

ವಿಡಿಯೊ ಗೇಮುಗಳ ಸ್ತ್ರೀಪಾತ್ರಗಳನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಮಡಿವಂತಿಕೆಯ ಉಪದೇಶವಾಗಿದೆಯೆಂದು ನೀವು ಬರೆದಿದ್ದೀರಿ. ಕಲ್ಪನೆಯ ಹೆಣ್ಣಿಗೆ ತೊಡಿಸುವ ಬಟ್ಟೆಯಿಂದ ಯಾರಿಗೂ ನೋವಾಗುವುದಿಲ್ಲ, ಗಂಡುಪಾತ್ರಗಳ ಮೈಕಟ್ಟೂ ಅಷ್ಟೇ ಅತಿಯಾಗಿರುತ್ತದೆ, ಬೇಲೂರಿನ ಮದನಿಕೆಯರನ್ನು ಕೊಂಡಾಡುವ ನಾವು ಗೇಮಿನ ನಾಯಕಿಯ ಮುಂದೆ ಮಾತ್ರ ಮುಖ ತಿರುಗಿಸುವುದೇಕೆ ಎಂಬುದು ನಿಮ್ಮ ವಾದದ ತಿರುಳು. ಪತ್ರ ಖಾರವಾಗಿದೆ, ಆದರೆ ಓದಿಕೊಂಡು ಬರೆದದ್ದಾಗಿದೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಮೊದಲು ನಮ್ಮ ತಪ್ಪು. 2009ರ ಬೆಯೊನೆಟ್ಟಾ ಗೇಮಿನ ಮಾಟಗಾತಿಯನ್ನು ನಮ್ಮ ಲೇಖಕಿ ಉಳಿದವರೊಂದಿಗೆ ಒಂದೇ ಸಾಲಿನಲ್ಲಿ ಸೇರಿಸಿ ತಳ್ಳಿಹಾಕಿದ್ದರು. ಅದನ್ನು ಪ್ರಶ್ನಿಸದೆ ಅಚ್ಚಿಗೆ ಕಳಿಸಿದವನು ನಾನು. ಆ ಪಾತ್ರವನ್ನು ಚಿತ್ರಿಸಿ ರೂಪಿಸಿದವರು ಮಾರಿ ಶಿಮಾಜಾಕಿ ಎಂಬ ಕಲಾವಿದೆ. ಬೆಯೊನೆಟ್ಟಾಳ ಉಡುಪು ಅವಳದೇ ತಲೆಗೂದಲು. ದೊಡ್ಡ ಹೊಡೆತಕ್ಕೆಂದು ಕೂದಲನ್ನು ಆಯುಧವಾಗಿಸಿದಾಗ ಮೈ ಬಯಲಾಗುತ್ತದೆ. ಅಲ್ಲಿ ಬೆಡಗು ಅವಳ ಕಾಳಗದ ವರಸೆಯೂ ಹೌದು, ಎದುರಾಳಿಯನ್ನು ಅಣಕಿಸುವ ಗತ್ತೂ ಹೌದು. ಕ್ಯಾಮೆರಾ ಅನೇಕ ಕಡೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅವಳ ಮೈಮೇಲೆ ನಿಲ್ಲುತ್ತದೆಂಬುದನ್ನು ಮರೆತಿಲ್ಲ. ಅವಳನ್ನು ಮೆಚ್ಚಿದ ಹೆಂಗಸರೂ ಇದ್ದಾರೆ, ಸಹಿಸದ ಹೆಂಗಸರೂ ಇದ್ದಾರೆ, ಇಬ್ಬರ ಮಾತಿಗೂ ಆಧಾರವಿದೆ.

ಗಂಡಿನ ಮೈಕಟ್ಟಿನ ವಾದವನ್ನು ಮಾತ್ರ ಒಪ್ಪಲಾರೆ. ಗಾಡ್ ಆಫ್ ವಾರ್ ಗೇಮಿನ ನಾಯಕ ಕ್ರೇಟೋಸ್ ಬರಿಮೈಯಲ್ಲಿ ತಿರುಗುತ್ತಾನೆ, ನಿಜ. ಆ ಎದೆ, ಆ ತೋಳು ಅವನ ಬಲದ ಗುರುತು. ಆಟಗಾರನಿಗೆ ತನ್ನಲ್ಲೇ ಆ ಬಲ ಬಂದಂತೆ ಅನಿಸಲೆಂದು ರೂಪಿಸಿದ್ದು. ಇದರ ಪಕ್ಕದಲ್ಲಿ 1986ರ ಮೆಟ್ರಾಯ್ಡ್ ಗೇಮನ್ನು ಇಟ್ಟು ನೋಡಿ. ಆಟದುದ್ದಕ್ಕೂ ಕವಚ ತೊಟ್ಟು ಹೋರಾಡುವ ಸೇಮಸ್ ಹೆಣ್ಣೆಂಬುದು ಗೊತ್ತಾಗುವುದು ಕೊನೆಯಲ್ಲಿ, ಅದೂ ಬೇಗ ಮುಗಿಸಿದವರಿಗೆ. ಒಂದು ಗಂಟೆಯೊಳಗೆ ಮುಗಿಸಿದರೆ ಅವಳು ಬಿಕಿನಿಯಲ್ಲಿ ನಿಂತು ಕಾಣಿಸಿಕೊಳ್ಳುತ್ತಾಳೆ. ಹೆಣ್ಣನ್ನು ವೀರಳನ್ನಾಗಿಸಿದ ಧೈರ್ಯವೂ ಅವಳ ಮೈಯನ್ನು ಬಹುಮಾನವಾಗಿಸಿದ ಸಣ್ಣತನವೂ ಒಂದೇ ಆಟದಲ್ಲಿವೆ. ಕ್ರೇಟೋಸನ ಎದೆಯನ್ನು ಯಾರೂ ಯಾರಿಗೂ ಬಹುಮಾನವಾಗಿ ಕೊಟ್ಟಿಲ್ಲ.

ಇನ್ನು ಬೇಲೂರು. ದರ್ಪಣಸುಂದರಿ ಕನ್ನಡಿ ಹಿಡಿದು ಸಿಂಗರಿಸಿಕೊಳ್ಳುತ್ತಿದ್ದಾಳೆ; ಅವಳ ಒಡವೆ, ಭಂಗಿ, ಮೈಬಾಗು ಎಲ್ಲವೂ ಆ ಗಳಿಗೆಗೆ ಸೇರಿದವು, ಶಿಲ್ಪಿ ಅದಕ್ಕೆ ಬೇರೆ ಸಬೂಬು ಹುಡುಕಿಲ್ಲ. 2015ರ ಮೆಟಲ್ ಗಿಯರ್ ಸಾಲಿಡ್ 5ರ ಕ್ವಾಯಟ್ ಎಂಬವಳು ಅಫ್ಘಾನಿಸ್ತಾನದ ರಣರಂಗದಲ್ಲಿ ದೂರದಿಂದ ಗುರಿಯಿಟ್ಟು ಹೊಡೆಯುವ ಸ್ನೈಪರ್. ತೊಟ್ಟಿರುವುದು ಬಿಕಿನಿ ಮತ್ತು ಹರಿದ ಕಾಲುಚೀಲ. 2013ರಲ್ಲೇ ತಕರಾರು ಎದ್ದಾಗ, ಕಾರಣ ತಿಳಿದ ದಿನ ನಿಮ್ಮ ಮಾತಿಗೆ ನೀವೇ ನಾಚಿಕೊಳ್ಳುತ್ತೀರಿ ಎಂಬರ್ಥದಲ್ಲಿ ನಿರ್ದೇಶಕ ಹಿಡಿಯೊ ಕೊಜಿಮಾ ಟ್ವೀಟ್ ಮಾಡಿದ್ದರು. ಕಾರಣವೇನೆಂದರೆ, ಪರಾವಲಂಬಿ ಜೀವಿಗಳ ಚಿಕಿತ್ಸೆಯಿಂದ ಬದುಕುಳಿದ ಅವಳು ಚರ್ಮದಿಂದಲೇ ಉಸಿರಾಡುತ್ತಾಳೆ, ಹೀಗಾಗಿ ಮೈತುಂಬ ಬಟ್ಟೆ ತೊಟ್ಟರೆ ಉಸಿರು ಕಟ್ಟುತ್ತದೆ. ಆದರೆ ಅದೇ ಸರಣಿಯ 2004ರ ಮೂರನೆಯ ಗೇಮಿನಲ್ಲಿ ದಿ ಎಂಡ್ ಎಂಬ ಮುದುಕ ಸ್ನೈಪರನೊಬ್ಬ ಗಿಡದಂತೆ ಬಿಸಿಲಿನಿಂದ ಶಕ್ತಿ ಪಡೆಯುತ್ತಾನೆ, ಅವನು ಮೈತುಂಬ ಬಟ್ಟೆ ತೊಟ್ಟೇ ಇರುತ್ತಾನೆ! ಮೊದಲು ಉಡುಪು ಹುಟ್ಟಿ, ಆಮೇಲೆ ಅದಕ್ಕೊಂದು ರೋಗ ಹುಟ್ಟಿತೆಂದೇ ನನ್ನ ಅನಿಸಿಕೆ.

ವಿನ್ಯಾಸಕರ ಸ್ವಾತಂತ್ರ್ಯವನ್ನು ವಿಮರ್ಶಕರು ಕಸಿಯುತ್ತಿದ್ದಾರೆಂಬ ನಿಮ್ಮ ಆತಂಕವನ್ನು ಟೂಂಬ್ ರೈಡರ್ ಗೇಮಿನ ಚರಿತ್ರೆಯೊಂದಿಗೆ ಇಟ್ಟು ನೋಡಬೇಕು. ಇಂಗ್ಲೆಂಡಿನ ಡರ್ಬಿಯ ಕೋರ್ ಡಿಸೈನ್ ಸಂಸ್ಥೆಯಲ್ಲಿ ಅದರ ನಾಯಕಿ ಲಾರಾ ಕ್ರಾಫ್ಟ್‌ಳನ್ನು ರೂಪಿಸಿದ ಟೋಬಿ ಗಾರ್ಡ್, 1996ರಲ್ಲಿ ಗೇಮ್ ಬಂದು ಜಗತ್ತೇ ಮೆಚ್ಚಿದ ಮರುವರ್ಷ ಕೆಲಸ ಬಿಟ್ಟರು. ಪಾತ್ರದ ಮೇಲಿನ ಹಿಡಿತ ತಪ್ಪಿದ್ದು, ಪ್ರಚಾರದಲ್ಲಿ ಅವಳನ್ನು ಮಾದಕ ಗೊಂಬೆಯಂತೆ ಬಳಸಿದ್ದು ಅವರಿಗೆ ಹಿಡಿಸಲಿಲ್ಲ. ಆ ಕಲಾವಿದನ ಕೈ ಕಟ್ಟಿದ್ದು ಮಾರಾಟದ ಮಂದಿ. 2013ರಲ್ಲಿ ರಿಯಾನಾ ಪ್ರಾಚೆಟ್ ಅವರ ಬರವಣಿಗೆಯಲ್ಲಿ, ಚಡ್ಡಿಯ ಬದಲು ಉದ್ದ ಪ್ಯಾಂಟು ತೊಟ್ಟ ಲಾರಾ ಹೊಸದಾಗಿ ಬಂದಾಗ ಆಟಗಾರರೇನೂ ಓಡಿಹೋಗಲಿಲ್ಲ. 2015 ಮತ್ತು 2018ರಲ್ಲಿ ಮುಂದಿನ ಭಾಗಗಳೂ ಬಂದವು.

ಸ್ಟೆಲ್ಲಾರ್ ಬ್ಲೇಡ್ ವಿಷಯದಲ್ಲಿ ಅರ್ಧ ನಿಮ್ಮ ಕಡೆಗಿದ್ದೇನೆ. ಕೊರಿಯಾದ ಶಿಫ್ಟ್ ಅಪ್ ಸಂಸ್ಥೆಯ ಆ ಗೇಮ್ 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದಾಗ, ಮೊದಲ ದಿನದ ಅಪ್‌ಡೇಟಿನಲ್ಲೇ ನಾಯಕಿಯ ಕೆಲವು ಉಡುಪುಗಳು ಮೈಯನ್ನು ಇನ್ನಷ್ಟು ಮುಚ್ಚುವಂತೆ ಬದಲಾದವು. ಅಂತಿಮ ರೂಪವೇ ತಮ್ಮ ಉದ್ದೇಶವಾಗಿತ್ತೆಂದು ನಿರ್ದೇಶಕರು ಹೇಳಿದರೂ, ದುಡ್ಡು ಕೊಟ್ಟು ಡಿಸ್ಕ್ ಕೊಂಡವರು ಸಿಟ್ಟಾದದ್ದು ಸಹಜ. ಅದು ಗ್ರಾಹಕರ ನ್ಯಾಯವಾದ ದೂರು. ಅದರ ಸಿಟ್ಟನ್ನು ವಿಮರ್ಶಕಿಯರ ಮೇಲೆ ತೀರಿಸಿಕೊಳ್ಳುವುದು ನ್ಯಾಯವಲ್ಲ. ಯಾರಿಗೂ ನೋವಾಗುವುದಿಲ್ಲ ಎಂದಿದ್ದೀರಿ. ಗೇಮುಗಳಲ್ಲಿ ಹೆಣ್ಣಿನ ಚಿತ್ರಣವನ್ನು ವಿಮರ್ಶಿಸಿದ ಅನಿತಾ ಸರ್ಕೀಸಿಯನ್, 2014ರಲ್ಲಿ ಗುಂಡಿನ ದಾಳಿಯ ಬೆದರಿಕೆ ಬಂದದ್ದರಿಂದ ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮಾಡಬೇಕಿದ್ದ ಭಾಷಣವನ್ನು ಕೈಬಿಡಬೇಕಾಯಿತು. ಅವರು ಕಲ್ಪನೆಯ ಹೆಣ್ಣಾಗಿರಲಿಲ್ಲ.

ನಿಮ್ಮ ಪತ್ರವನ್ನು, ನಮ್ಮ ಲೇಖಕಿಯನ್ನು ಕುರಿತ ಎರಡು ವಿಶೇಷಣಗಳನ್ನು ಬಿಟ್ಟು, ಪೂರ್ತಿಯಾಗಿ ಪ್ರಕಟಿಸಿದ್ದೇವೆ. ಬೆಯೊನೆಟ್ಟಾಳನ್ನು ಕುರಿತ ನಮ್ಮ ಸಾಲನ್ನು ಹಿಂತೆಗೆದುಕೊಂಡಿದ್ದೇವೆ. ಕ್ವಾಯಟ್ ಕುರಿತ ಸಾಲು ಹಾಗೆಯೇ ಇರುತ್ತದೆ.

— ಸಂಪಾದಕ