ಪ್ರತಿಕ್ರಿಯೆ: ಸ್ನೋಮೊಬೈಲ್ ಟ್ರ್ಯಾಕ್ ಮಾತ್ರ ಬದಲಿಸಿದ್ರೆ ಸಾಕಾ?

ಅಮೆರಿಕದ ಡುಲೂತ್‌ನಲ್ಲಿ ಹಳೇ ಸ್ಲೆಡ್ (ಹಿಮದ ಮೇಲೆ ಓಡೋ ಸ್ನೋಮೊಬೈಲ್) ತಗೊಂಡಿದೀರ, ಅದನ್ನ ಓಡಿಸೋ ರಬ್ಬರ್ ಪಟ್ಟಿ, ಅಂದ್ರೆ ಟ್ರ್ಯಾಕ್‌ನ ಲಗ್ (ಹಿಮ ಹಿಡಿಯೋ ಉಬ್ಬು) ಹರಿದು ಒಳಗಿನ ಫೈಬರ್‌ಗ್ಲಾಸ್ ರಾಡ್ ಕಾಣ್ತಿದೆ, ಟ್ರ್ಯಾಕ್ ಒಂದೇ ಬದಲಿಸಿದ್ರೆ ಸಾಕಾ ಅಂತ ಕೇಳಿದೀರಲ್ಲ. ರಾಡ್ ಕಾಣ್ತಿದ್ರೆ ಇನ್ನು ಓಡಿಸ್ಬೇಡಿ, ಬದಲಿಸಿ. ಆದ್ರೆ ಆರ್ಡರ್ ಮಾಡೋ ಮುಂಚೆ ಪಿಚ್ (ಟ್ರ್ಯಾಕ್‌ನ ಒಂದು ರಾಡ್‌ನಿಂದ ಮುಂದಿನ ರಾಡ್‌ಗಿರೋ ದೂರ) ಅಳೀರಿ, 2.52 ಇಂಚಾ 2.86ಆ ಅಂತ, ಯಾಕಂದ್ರೆ ಡ್ರೈವ್ ಸ್ಪ್ರಾಕೆಟ್ (ಟ್ರ್ಯಾಕನ್ನ ತಿರುಗಿಸೋ ಹಲ್ಲಿನ ಚಕ್ರ) ಅದಕ್ಕೆ ಹೊಂದಲೇಬೇಕು, ಉದ್ದ ಅಗಲ ಸರಿಯಿದ್ದು ಪಿಚ್ ತಪ್ಪಿದ್ರೆ ದುಡ್ಡು ದಂಡ.

ಹೇಗಿದ್ರೂ ಹಿಂದಿನ ಸಸ್ಪೆನ್ಷನ್ ಪೂರ್ತಿ ಹೊರಗೆ ಬರತ್ತೆ, ಚೈನ್‌ಕೇಸ್ (ಚೈನ್ ಇರೋ ಪೆಟ್ಟಿಗೆ) ಬಿಚ್ಚಿ ಡ್ರೈವ್ ಶಾಫ್ಟೂ ತೆಗೀಬೇಕು, ಹಾಗಾಗಿ ಆಗಲೇ ಬೋಗಿ ಚಕ್ರ (ಟ್ರ್ಯಾಕ್ ಒಳಗೆ ಉರುಳೋ ಸಣ್ಣ ಚಕ್ರ) ಒಂದೊಂದೂ ಕೈಯಲ್ಲಿ ತಿರುಗಿಸಿ ನೋಡಿ, ಗರಗರ ಅಂದ್ರೆ ಬೇರಿಂಗ್ ಹೊಸದು ಹಾಕಿ, ಹೈಫ್ಯಾಕ್ಸ್ (ಸಸ್ಪೆನ್ಷನ್ ರೈಲ್ ಕೆಳಗಿನ ಪ್ಲಾಸ್ಟಿಕ್ ಪಟ್ಟಿ) ಸವೆದಿದ್ರೆ ಅದನ್ನೂ ಬದಲಿಸಿ. ಸಸ್ಪೆನ್ಷನ್ ಶಾಫ್ಟ್‌ಗಳಿಗೆ ಗ್ರೀಸ್ ಹಾಕೋದು ಮಾತ್ರ ದಯವಿಟ್ಟು ಬಿಡ್ಬೇಡಿ, ನಾನು ಎರಡು ಸೀಸನ್ ಹಾಕದೆ ಬಿಟ್ಟು ಮುಂದಿನ ಶಾಫ್ಟ್ ತುಕ್ಕು ಹಿಡಿದು ಬುಶಿಂಗ್ (ಶಾಫ್ಟ್ ಸುತ್ತಿನ ಕೊಳವೆ) ಜೊತೆ ಅಂಟ್ಕೊಂಡು, ಸುತ್ತಿಗೆ ಹೊಡೆದು ಹೊಡೆದು ಒಂದು ಭಾನುವಾರ ಪೂರ್ತಿ ಹೋಯ್ತು.

ಹಾಕುವಾಗ ಟ್ರ್ಯಾಕ್ ಮೇಲಿನ ಬಾಣದ ದಿಕ್ಕು ನೋಡಿ. ಟೆನ್ಷನ್ ಮ್ಯಾನ್ಯುಯಲ್‌ನಲ್ಲಿ ಇರೋಷ್ಟೇ ಇಡಿ. ಆಮೇಲೆ ಹಿಂಭಾಗ ಎತ್ತಿ ನಿಲ್ಲಿಸಿ ನಿಧಾನಕ್ಕೆ ತಿರುಗಿಸಿದಾಗ ಟ್ರ್ಯಾಕ್ ಯಾವ ಕಡೆ ಸರೀತಿದ್ಯೋ ಆ ಕಡೆ ಹಿಂದಿನ ಆಕ್ಸಲ್ ಹತ್ರ ಇರೋ ಟ್ರ್ಯಾಕ್ ಹೊಂದಿಸೋ ಬೋಲ್ಟ್ ಕಾಲು ಸುತ್ತು ಟೈಟ್ ಮಾಡಿ, ಮತ್ತೆ ನೋಡಿ. ತಿರುಗುವಾಗ ಹಿಂದೆ ಯಾರೂ ನಿಲ್ಲಬಾರ್ದು, ಮಕ್ಕಳನ್ನಂತೂ ಗ್ಯಾರೇಜ್ ಒಳಗೇ ಬರೋಕೆ ಬಿಡ್ಬೇಡಿ. ಪಿಚ್ ಎಷ್ಟು ಬಂತು ಅಂತ ಹೇಳಿ.